ಹುಟ್ಟದ ಅಣ್ಣನ ಸಾವು

ಮಣಿಕಂಠನ್ ಬೆಳಿಗ್ಗೆ ಎದ್ದು ಫೇಸ್‌ಬುಕ್ ತೆರೆದದ್ದೇ ತಪ್ಪಾಯಿತು. ಹಳೆಯ ಬನಿಯನ್ ಕಂಪನಿಯ ಮುಷ್ಕರದ ಫೋಟೋವನ್ನು ಕಾರ್ಮಿಕ ಸಂಘದ ದೊರೈಸಾಮಿ ಮತ್ತೆ ಹಾಕಿದ್ದ. ಮುಂದಿನ ಸಾಲಿನಲ್ಲಿ ಕತ್ತಿನ ನರ ಉಬ್ಬಿಸಿ ಕೂಗುತ್ತಿದ್ದವನು ಸಾಕ್ಷಾತ್ ಮಣಿಕಂಠನ್. ಆ ಕೂಗಿಗೆ ಕೆಲಸ ಹೋಗಿ ಐದು ತಿಂಗಳು. ಹೆಂಡತಿ ಇಲಕ್ಕಿಯಾ ಒಬ್ಬಳ ಹೊಲಿಗೆಯಿಂದ ಮನೆ ನಡೆಯುತ್ತಿತ್ತು. ಇವತ್ತು ನಾಲ್ಕಕ್ಕೆ ತಿರುಪ್ಪೂರಿನ ಇನ್ನೊಂದು ಕಂಪನಿಯಲ್ಲಿ ಇಂಟರ್‌ವ್ಯೂ. ಅಲ್ಲಿಗೆ ಬಂದವರ ಫೇಸ್‌ಬುಕ್ ಜಾಲಾಡದೆ ಯಾರನ್ನೂ ಒಳಗೆ ಬಿಡುವುದಿಲ್ಲ.

“ತೆಗೆದ್ಬುಡಣ್ಣಾ” ಎಂದು ಫೋನಿನಲ್ಲಿ ಗೋಗರೆದ.

“ಚರಿತ್ರೆ ಅಳಿಸಕ್ಕಾಗಲ್ಲ ತಂಬೀ” ಎಂದು ದೊರೈಸಾಮಿ ಫೋನ್ ಇಟ್ಟುಬಿಟ್ಟ.

ಪಕ್ಕದ ಮನೆಯ ಕಲಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಪಲ್ಲಡಂನಲ್ಲಿ ಸತ್ತವರಿಗೆ ಕಣ್ಣೀರಂಜಲಿ ಪೋಸ್ಟರ್ ಮಾಡಿಕೊಡುವ ಅಂಗಡಿ ಅವಳದು.

“ಅದು ನಾನಲ್ಲ, ಜೊತೇಲಿ ಹುಟ್ಟಿದ ಅವಳಿ ಅಣ್ಣ ಅನ್ನು.”

“ಅಣ್ಣ ಎಲ್ಲಿ ಅಂತ ಕೇಳಿದ್ರೆ, ಅಕ್ಕಾ?”

“ಸತ್ತೋದ ಅನ್ನು. ಸತ್ತೋನ್ನ ಹುಡುಕ್ಕೊಂಡು ಯಾರ್ ಬರ್ತಾರೆ?”

ಹತ್ತು ನಿಮಿಷದಲ್ಲಿ ಪೋಸ್ಟರ್ ಫೇಸ್‌ಬುಕ್ ಏರಿತು. ಅದೇ ಮುಖ, ಸುತ್ತ ಹಾರ, ಎರಡು ದೀಪ. ಕೆಳಗೆ ತಮಿಳಿನಲ್ಲಿ, ‘ಕಾರ್ಮಿಕ ವೀರ ವೇಲುಮಣಿ ನಿನ್ನೆ ತೀರಿಕೊಂಡರು. ಇಂತಿ, ದುಃಖತಪ್ತ ತಮ್ಮ ಮಣಿಕಂಠನ್.’

ಮಡತ್ತುಕುಳಂನ ಸೋದರತ್ತೆ ಸುಬ್ಬಾತಾಳ್‌ಗೆ ಓದು ಬಾರದು. ಯಾರದೋ ಫೋನಿನಲ್ಲಿ ಮುಖ ನೋಡಿದಳು, ಹಾರ ನೋಡಿದಳು, ಸಾಕಾಯಿತು. ಮಧ್ಯಾಹ್ನಕ್ಕೆ ವ್ಯಾನು ತುಂಬ ನೆಂಟರನ್ನು ಕರೆತಂದು ಬೀದಿಯಲ್ಲೇ ಎದೆ ಬಡಿದುಕೊಂಡಳು. ಇಸ್ತ್ರಿ ಅಂಗಿ ತೊಟ್ಟು ಬಾಗಿಲಿಗೆ ಬಂದ ಮಣಿಕಂಠನನ್ನು ಕಂಡು ಮೂರ್ಛೆ ಹೋದಳು.

“ಸಾಯ್ದೇ ಇದ್ದೋನು ಒಂದ್ ಫೋನ್ ಮಾಡ್ಬಾರ್ದಾ ಕಣ್ಣೂ?” ಎಂದಳು, ಮುಖಕ್ಕೆ ನೀರು ಚಿಮುಕಿಸಿದ ಮೇಲೆ. ಸಾವಿಗೆ ತಂದ ಹಾರ ಹಿಂದಕ್ಕೆ ಒಯ್ಯಬಾರದೆಂದು ನೆಂಟರು ಅದನ್ನು ಅವನ ಕಿಟಕಿಗೇ ಕಟ್ಟಿದರು. ಮಣಿಕಂಠನ್ ಬಸ್ಸಿಗೆ ಓಡಿದ.

ಕಂಪನಿಯ ಮ್ಯಾನೇಜರ್ ನಟರಾಜನ್ ಪೋಸ್ಟರನ್ನು ತೆರೆದಿಟ್ಟುಕೊಂಡೇ ಕೂತಿದ್ದರು.

“ಮುಷ್ಕರದ ಫೋಟೋದಲ್ಲಿರೋದು ನಿಮ್ಮ ಅಣ್ಣನಾ?”

“ಹೌದು ಸಾರ್. ಅವನಿಗೂ ನನಗೂ ಆಗ್ತಿರಲಿಲ್ಲ. ನಾನು ಯಾವ ಗಲಾಟೆಗೂ ಹೋಗೋನಲ್ಲ.”

ನಟರಾಜನ್ ನಿಟ್ಟುಸಿರಿಟ್ಟರು. “ಕಾರ್ಮಿಕರ ಪರ ನಮ್ಮೆದುರೇ ನಿಂತು ಮಾತಾಡೋನೊಬ್ಬ ಕಂಪನಿಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಆರ್ಡರ್ ಇಲ್ಲ ಅಂತ ವಿದೇಶದ ಗಿರಾಕಿಗಳು ಹಟ ಹಿಡಿದಿದ್ದಾರೆ. ಆ ಫೋಟೋ ಮುಷ್ಕರದ ಕಾಲದಲ್ಲೇ ನೋಡಿ, ನೀವೇ ಅಂದುಕೊಂಡು ಕರೆಸಿದ್ವಿ.”

“ಸಾರ್, ಅದು ನಾನೇ! ಅಣ್ಣನೇ ಇಲ್ಲ ಸಾರ್!”

“ಅಣ್ಣ ಸತ್ತ ಮಾರನೇ ದಿನವೇ ಅವರ ಹೆಸರಲ್ಲಿ ಕೆಲಸ ಹೊಡೀತೀರಾ? ಸರಿ, ನೀವೇ ಆದರೆ ಹಾಗೆ ಕೂಗಿ, ನೋಡೋಣ.”

ಮಣಿಕಂಠನ್ ಎದ್ದು ಮುಷ್ಟಿ ಎತ್ತಿದ. ಐದು ತಿಂಗಳು ಕಂಡಕಂಡವರ ಮುಂದೆ ಕೈ ಕಟ್ಟಿ ನಿಂತಿದ್ದವನ ಗಂಟಲಿನಿಂದ ಹೊರಟದ್ದು “ಸಾರ್” ಒಂದೇ. ನಟರಾಜನ್ ತಲೆಯಾಡಿಸಿ ಮುಂದಿನವನನ್ನು ಕರೆದರು.

ಮನೆಯಲ್ಲಿ ಅತ್ತೆ ಇನ್ನೂ ಕೂತಿದ್ದಳು. ಅವಳ ಪಕ್ಕ ಕುಸಿದು ಮಣಿಕಂಠನ್ ಬಿಕ್ಕಿ ಬಿಕ್ಕಿ ಅತ್ತ.

“ಯಾಕ್ ಕಣ್ಣೂ?”

“ಅಣ್ಣ ನಿಜವಾಗ್ಲೂ ಹೋಗ್ಬುಟ್ಟ, ಅತ್ತೆ.”