ಕೌದಿಯ ರಣರಂಗದಲ್ಲಿ ನನ್ನ ಟ್ಯಾಂಕು

ಯಾದಗಿರಿಯಿಂದ ಸುರಪುರದವರೆಗೆ ಹುಡುಕಿದರೂ ನನ್ನಂಥ ಟ್ಯಾಂಕು ಕಟ್ಟುವ ಗಂಡಸು ಇನ್ನೊಬ್ಬ ಸಿಗಬಾರದು! ಹೀಗೆಂದು ನಾನು, ಶಹಾಪುರದ ಕಿರಾಣಿ ಅಂಗಡಿಯ ಲಿಂಗಣ್ಣ, ಬೆಲ್ಲದ ಪೆಂಟೆಯ ಮೇಲೆ ಕೈಯಿಟ್ಟು ಶಪಥ ಮಾಡಿದೆ. ಕೈ ಅಂಟಿಕೊಂಡಿತು. ಶಪಥವೂ ಅಂಟಿಕೊಂಡಿತು.

ಹೆದರಬೇಡಿ, ಗೇಣುದ್ದದ ಟ್ಯಾಂಕು. ನಿಜಾಮಶಾಹಿ ಮುಗಿದು ಎರಡನೆಯ ದೀಪಾವಳಿ ಬರುವ ಹೊತ್ತಿಗೆ ನಮ್ಮ ಓಣಿಯವರು ಚೌಕಾಬಾರಾ ಬಿಟ್ಟು ಫೌಜಿನ ಆಟ ಹಿಡಿದಿದ್ದರು. ಹಗ್ಗ ಹೆಣೆದ ಹೊರಸಿನ ಮೇಲೆ ನನ್ನ ಹೆಂಡತಿ ಗೊಲ್ಲಾಳಮ್ಮ ಹೊಲಿದ ಕೌದಿ ಹಾಸಬೇಕು. ಅದರ ಒಂದೊಂದು ತುಂಡು ಬಟ್ಟೆಯೂ ಒಂದೊಂದು ಹೊಲ. ಕೆಳಗೆ ದಿಂಬು ತುರುಕಿದರೆ ಗುಡ್ಡ. ಗುಡ್ಡದಾಚೆ ಬೋರಲು ಹಾಕಿದ ಸೇರು. ಅದೇ ವನದುರ್ಗದ ಕೋಟೆ! ಕವಡೆ ಬಿದ್ದಷ್ಟು ಹೊಲ ಟ್ಯಾಂಕನ್ನು ಬೆರಳಿನಿಂದ ತಳ್ಳಬೇಕು. ಗುಡ್ಡದ ಮೇಲೆ ಕೈ ಬಿಟ್ಟರೂ ಅದು ನಿಲ್ಲಬೇಕು. ಕೋಟೆ ಮೊದಲು ಮುಟ್ಟಿದವನೇ ಜನರಲ್. ಟ್ಯಾಂಕನ್ನು ಮಾತ್ರ ಅವರವರೇ ಕಟ್ಟಿ ತರಬೇಕು.

ನಾನು ಜೋಳದ ದಂಟು ಸೀಳಿ, ಒಳಗಿನ ಬೆಂಡು ಕೊಯ್ದು, ಸಿಪ್ಪೆಯ ಕಡ್ಡಿ ಚುಚ್ಚಿ, ನಾಲ್ಕು ಗಾಲಿಯ ಟ್ಯಾಂಕು ಕಟ್ಟಿದೆ. ಗೊಲ್ಲಾಳಮ್ಮನ ಕುಂಕುಮದ ಡಬ್ಬಿ ಅದರ ತಲೆ. ಅವಳ ದಬ್ಬಣವೇ ಅದರ ತೋಪು!

ಅಷ್ಟರಲ್ಲಿ ಎದುರುಮನೆಯ ದರ್ಜಿ ನೀಲಕಂಠ ತನ್ನದನ್ನು ತಂದಿಟ್ಟ. ದಾರದ ಖಾಲಿ ರೀಲುಗಳನ್ನು ಸಾಲಾಗಿ ಜೋಡಿಸಿ, ಎರಡೂ ಬದಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದ.

"ಏನೋ ನೀಲಕಂಠ, ನಿನ್ನ ಬಂಡಿಗೆ ಗಾಯ ಆಗೇದೇನು? ಪಟ್ಟಿ ಕಟ್ಟೀಯಲ್ಲ!" ಎಂದೆ. ಯಾರೂ ನಗಲಿಲ್ಲ.

ಗೊಲ್ಲಾಳಮ್ಮ ಬಾಗಿಲಲ್ಲಿ ನಿಂತು ಇಣುಕಿದಳು. "ಅಯ್ ಶಿವನ! ಥೇಟ್ ಹಂಗ ಅದ ನೋಡ್ರಿ!"

ಥೇಟ್! ಹದಿನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಯಾವ ಕೆಲಸಕ್ಕೂ ದಕ್ಕದ ಮಾತು ಆ ಹಳೆಯ ಟ್ಯೂಬಿಗೆ ದಕ್ಕಿತು. ನನ್ನ ಹೊಟ್ಟೆಯಲ್ಲಿ ಹೊತ್ತಿದ ಉರಿಗೆ ಇಡೀ ಓಣಿಯ ಹುಗ್ಗಿ ಬೇಯಿಸಬಹುದಿತ್ತು.

ನಿಮಗಾದರೂ ನಿಜ ಹೇಳಿಬಿಡುತ್ತೇನೆ. ನಿಜಾಮನನ್ನು ಇಳಿಸಲು ಬಂದ ಫೌಜು ಟ್ಯಾಂಕುಗಳ ಸಮೇತ ನಮ್ಮೂರ ಹಾಯ್ದು ಹೋದ ದಿನ ನಾನು ಹಗೇವಿನಲ್ಲಿದ್ದೆ. ಹೌದು, ಜೋಳ ತುಂಬುವ ನೆಲದೊಳಗಿನ ಹಗೇವು! ಗೊಲ್ಲಾಳಮ್ಮನೇ ಮೇಲೆ ಕಲ್ಲು ಮುಚ್ಚಿ, ಹೊಸ್ತಿಲಲ್ಲಿ ನಿಂತು ಎಲ್ಲ ನೋಡಿದಳು. ನನಗೆ ಕೇಳಿಸಿದ್ದು ಗಡಗಡ ಸದ್ದೊಂದೇ. ಹೊರಬಂದ ಮೇಲೆ ಹೇಗಿತ್ತೆಂದು ಕೇಳಲು ಗಂಡಸಿನ ಮರ್ಯಾದೆ ಅಡ್ಡ ಬಂತು. ಮರುದಿನ ಕಟ್ಟೆಯ ಮೇಲೆ ಕೂತು, "ಟ್ಯಾಂಕು ನನ್ನ ಮುಂದಽ ಹಾದು ಹೋತು!" ಎಂದುಬಿಟ್ಟೆ. ಬಂಡಿ ಅಂದಮೇಲೆ ಗಾಲಿ ಇದ್ದೇ ಇರುತ್ತದಲ್ಲ?

ಈಗ ಸೋಲುವಂತಿಲ್ಲ. ಮೊಳದುದ್ದದ, ಆರು ಗಾಲಿಯ ಇನ್ನೊಂದು ಟ್ಯಾಂಕು ಕಟ್ಟಿ, ಅಂಟು ಒಣಗಲೆಂದು ದನದ ಕೊಟ್ಟಿಗೆಯ ಕಿಟಕಿಯಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಎಮ್ಮೆ ಮೆಲುಕು ಹಾಕುತ್ತಿದೆ!

"ಗೊಲ್ಲಾಳವ್ವಾ! ಎಮ್ಮಿ ಟ್ಯಾಂಕು ತಿಂದೈತಿ!"

"ದಂಟು ಇಟ್ರ ಎಮ್ಮಿ ತಿನ್ನದ ಸಲಾಮ್ ಹೊಡಿತದೇನ್ರಿ?"

ಪುಣ್ಯಕ್ಕೆ ದಬ್ಬಣ ಇನ್ನೂ ಹಚ್ಚಿರಲಿಲ್ಲ.

ಮೂರನೆಯದನ್ನು ಎಣ್ಣೆ ಡಬ್ಬದ ತಗಡಿನಿಂದ ಕತ್ತರಿಸಿದೆ. ಗಾಲಿಗೆ ದೊಡ್ಡ ಗುಂಡಿ ಎಂಟು ಬೇಕು. ಸಿಗುವುದು ಎಲ್ಲಿ? ಆ ದರ್ಜಿಯ ಬಳಿಯೇ!

"ಯಾತಕ್ಕರಿ ಸಾವ್ಕಾರ್ರ?"

"ಕೋಟಿಗೆ."

"ಎಂಟು ಗುಂಡಿ ಕೋಟಾ? ನವಾಬರದೇನ್ರಿ?"

ನಗುತ್ತಲೇ ಕೊಟ್ಟ. ಅವನ ನಗುವಿಗೂ ನನಗೆ ಹೊಟ್ಟೆ ಉರಿಯಿತು.

ಯುದ್ಧದ ದಿನ ಬಂತು. ಪಂಚರಾಗಿ ಪಿಂಚಣಿಯ ಮಾಸ್ತರ ಭಗವಂತರಾಯರು ಹೊರಸಿನ ಪಕ್ಕ ಕೂತರು. ಕವಡೆ ನನಗೇ ಒಲಿಯಿತು. ನನ್ನ ಅಷ್ಟಚಕ್ರದ ಮಹಾರಥ ಏಳು ಹೊಲ ದಾಟಿ ಗುಡ್ಡ ಏರಿತು. ಮೀಸೆ ತಿರುವಲೆಂದು ಕೈ ತೆಗೆದೆ, ಅಷ್ಟೇ! ಗುಂಡಿಗಳು ಜರ್ರೆಂದು ಜಾರಿ, ಟ್ಯಾಂಕು ಹಿಂದುಹಿಂದಕ್ಕೆ ಓಡಿ, ಗೆದ್ದ ಹೊಲವನ್ನೆಲ್ಲ ಮರಳಿ ಕೊಟ್ಟು, ಹೊರಸಿನಿಂದ ಹಾರಿ ಭಗವಂತರಾಯರ ಹೆಬ್ಬೆರಳಿನ ಮೇಲೆ ತೋಪಿನ ಸಮೇತ ಇಳಿಯಿತು.

"ಸತ್ತೆಪೋ!" ಎಂದರು ಪಂಚರು.

ನೀಲಕಂಠನದೋ, ರಬ್ಬರಿನಿಂದ ಕೌದಿಯನ್ನು ಕಚ್ಚಿ ಹಿಡಿದು, ಬಸುರಿಯಂತೆ ಮೆಲ್ಲಗೆ ಗುಡ್ಡ ಹತ್ತಿ, ನಿಂತು, ಇಳಿದು, ಸೇರಿಗೆ ಟಣ್ಣೆಂದು ಮುಟ್ಟಿತು.

"ದಗಾ!" ಎಂದು ಕೂಗಿದೆ. "ಟ್ಯಾಂಕಿಗೆ ಪಟ್ಟಿ ಇರಂಗಿಲ್ಲ! ಲಿಂಗದಾಣಿ, ನಾ ಕಣ್ಣಾರೆ ಕಂಡೀನಿ!"

ಭಗವಂತರಾಯರು ಬೆರಳು ತಿಕ್ಕಿಕೊಳ್ಳುತ್ತ ಕೇಳಿದರು. "ನೀ ಕಂಡೀಯೇನೋ ನೀಲಕಂಠ?"

"ಇಲ್ರಿ ಮಾಸ್ತರ್ರ. ಅವತ್ತ ನಾ ದೋರನಹಳ್ಳ್ಯಾಗ ಬೀಗರ ಮನ್ಯಾಗ ಇದ್ದೆ."

"ಕೇಳಿದ್ರೇನ್ರಿ?" ನಾನು ಕುಣಿದೆ. "ಕಾಣದಽ ಕಟ್ಟ್ಯಾನ! ಫೈಸ್ಲಾ ಮಾಡ್ರಿ!"

"ಕಂಡವರನ್ನ ಕೇಳಿ ಕಟ್ಟೀನ್ರಿ."

"ಯಾವನವಾ ಕಂಡವಾ? ಕರಿ ಅವನ್ನ ಇಲ್ಲಿ!"

"ಅವನಲ್ರಿ ಸಾವ್ಕಾರ್ರ," ನೀಲಕಂಠ ತಲೆ ಕೆರೆದುಕೊಂಡ. "ಅಕ್ಕಾರು. ಕುಬಸ ಹೊಲಿಸಾಕ ಬಂದಾಗ ನಮ್ಮ ಮನ್ಯಾಕಿ ಸೂಗಮ್ಮನ ಮುಂದ ಕುಂತು, ಗಾಲಿ ಎಷ್ಟು, ಪಟ್ಟಿ ಹೆಂಗ ಸುತ್ತೇದ, ಎಲ್ಲಾ ಹೇಳಿದ್ರು. ನಾ ಹಂಗ ಕಟ್ಟಿದೆ."

ಕೂತವರೆಲ್ಲ ಬಾಗಿಲ ಕಡೆ ತಿರುಗಿದರು. ಗೊಲ್ಲಾಳಮ್ಮ ಚುರುಮುರಿ ಸುಸಲಾದ ತಾಟು ಹಿಡಿದು ನಿಂತಿದ್ದಳು.

ನನ್ನ ಟ್ಯಾಂಕಿನ ವೈರಿ ನನ್ನ ಅಡುಗೆಮನೆಯಲ್ಲೇ ಇದ್ದಳು!

"ಅಲ್ಲಬೇ, ಮಂದಿ ಮನಿಗೆ ಹೋಗಿ ಹೇಳ್ತಿ, ಕಟ್ಟಿಕೊಂಡ ಗಂಡಗ ಒಂದ್ ಮಾತು ಹೇಳಾಕ ಏನಾಗಿತ್ತು ನಿನಗ?"

ಅವಳು ತಾಟನ್ನು ಕೋಟೆಯ ಪಕ್ಕ ಇಟ್ಟು, ಸೆರಗು ಸರಿಮಾಡಿಕೊಂಡು, ನಾಲ್ಕು ಜನ ಕೇಳುವಂತೆ ಬಲು ಮರ್ಯಾದೆಯಿಂದ ಅಂದಳು:

"ಅವರು ಕಂಡಿಲ್ಲಂದ್ರು, ಹೇಳಿದೆ. ನೀವು ಕಣ್ಣಾರೆ ಕಂಡೀನಿ ಅಂತ ಊರ ತುಂಬ ಹೇಳಾಕತ್ತೀರಿ. ಕಂಡವರಿಗೆ ನಾ ಏನಂತ ಹೇಳಲ್ರಿ?"