ಕಲ್ಯಾಣಪ್ಪನವರಿಂದ ಕೀಲಿ ಸ್ವೀಕರಿಸಿದ ವೃತ್ತಾಂತ

ಲಿಂಗಂಪಲ್ಲಿ ಕನ್ನಡ ಹಿತಚಿಂತಕ ಸಂಘದ ಕಾರ್ಯದರ್ಶಿ ಕಲ್ಯಾಣಪ್ಪನವರು ಲಿಂಗೈಕ್ಯರಾಗಿ ಮೂರು ವರ್ಷವಾಗಿತ್ತು. ಆದರೆ ಅವರು ಇನ್ನೂ ಅಧಿಕಾರ ಬಿಟ್ಟುಕೊಟ್ಟಿರಲಿಲ್ಲ.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಸಂಘದ ನಿಯಮಾವಳಿಯ ಹದಿನಾಲ್ಕನೆಯ ಕಲಮಿನ ಪ್ರಕಾರ ಹೊಸ ಕಾರ್ಯದರ್ಶಿಯು ಕಪಾಟಿನ ಕೀಲಿಯನ್ನು ಹಳೆಯ ಕಾರ್ಯದರ್ಶಿಯ ಕೈಯಿಂದ, ಎಲೆ ಅಡಿಕೆ ತೆಂಗಿನಕಾಯಿ ಇಟ್ಟ ತಾಟಿನಲ್ಲಿ, ಸಭೆಯ ಸಮಕ್ಷಮ ಸ್ವೀಕರಿಸತಕ್ಕದ್ದು. ಕಲ್ಯಾಣಪ್ಪನವರು ಒಂದು ಶುಕ್ರವಾರ ಮಧ್ಯಾಹ್ನ ಎದೆಯಲ್ಲಿ ಹಿಡಿದಂತಾಗುತ್ತದೆ ಎಂದು ಹೇಳಿ, ಕೀಲಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ ದವಾಖಾನೆಗೆ ಹೋದವರು ತಿರುಗಿ ಬರಲಿಲ್ಲ. ಕೀಲಿ ಮೊಳೆಯಲ್ಲೇ ಉಳಿಯಿತು. ಬಾಗಿಲು ದಾಟಿದ ಯಾರಿಗಾದರೂ ಅದು ಕಾಣುತ್ತದೆ. ಜಂಟಿ ಕಾರ್ಯದರ್ಶಿಯಾದ ನಾನು, ಸಂಗಣ್ಣ, ಪ್ರತಿ ವರ್ಷ ಆಯುಧಪೂಜೆಯ ದಿನ ಅದಕ್ಕೆ ವಿಭೂತಿ ಕುಂಕುಮ ಹಚ್ಚುತ್ತೇನೆ, ಮೊಳೆಯಿಂದ ಅಲುಗಾಡದ ಹಾಗೆ.

ಬೀಗ ಒಡೆಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಬೀಗ ಒಡೆಸಲು ಸಂಘದ ಮೊಹರು ಹಾಕಿದ ಪತ್ರ ಬೇಕು. ಮೊಹರು ಕಪಾಟಿನೊಳಗಿದೆ.

ಕಪಾಟಿನೊಳಗೆ ಇನ್ನೊಂದು ವಸ್ತುವೂ ಇತ್ತು. ಬಸಲಿಂಗಮ್ಮನ ಮಗಳು ರೇಣುಕಾಳ ಹತ್ತನೆಯ ತರಗತಿಯ ಅಸಲು ಮಾರ್ಕ್ಸ್ ಕಾರ್ಡು. ಬಸಲಿಂಗಮ್ಮ ಚಿಂಚೋಳಿ ಕಡೆಯವಳು, ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದವಳು. ಮಗಳು ಊರಲ್ಲಿ ಅಜ್ಜಿಯ ಹತ್ತಿರ ಇದ್ದು ಓದಿ ತೊಂಬತ್ತೆರಡು ಪರ್ಸೆಂಟ್ ತೆಗೆದಾಗ, ಪ್ರತಿಭಾ ಪುರಸ್ಕಾರಕ್ಕೆಂದು ಸಂಘವೇ ಆ ಕಾರ್ಡನ್ನು ತರಿಸಿಕೊಂಡಿತ್ತು. ಕಲ್ಯಾಣಪ್ಪನವರು ಅದನ್ನು ಜೋಪಾನವಾಗಿ ಕಪಾಟಿನಲ್ಲಿಟ್ಟದ್ದು ಅದೇ ಶುಕ್ರವಾರ ಬೆಳಿಗ್ಗೆ. ಇಂಟರ್, ಅಂದರೆ ಪಿಯುಸಿ, ಓದುವಾಗಲೂ ಆಮೇಲೆ ಒಂದು ವರ್ಷ ಸೀಟಿಗೆ ಕಾಯುವಾಗಲೂ ಜೆರಾಕ್ಸ್ ಮೇಲೆ ನಡೆಯಿತು. ಈಗ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಇಪ್ಪತ್ತನೆಯ ತಾರೀಖಿನೊಳಗೆ ಅಸಲು ಪ್ರತಿ ಇಲ್ಲದಿದ್ದರೆ ಸೀಟು ಇನ್ನೊಬ್ಬರಿಗೆ. ಪರೀಕ್ಷಾ ಮಂಡಳಿಯಿಂದ ನಕಲು ತರಿಸಲು ಮೂರು ತಿಂಗಳು ಬೇಕಂತೆ.

ತಿಂಗಳ ಮೊದಲ ಭಾನುವಾರ ಬಸಲಿಂಗಮ್ಮ ಬಂದು ಬೆಂಚಿನ ಮೇಲೆ ಕೂತಳು. ಕಾರ್ಯಕಾರಿ ಸಮಿತಿಯವರು ಚಹಾ ಕುಡಿಯುತ್ತ ವಿಷಯವನ್ನು ಸಹಾನುಭೂತಿಯಿಂದ ಕೇಳಿದೆವು. ಕೇಳಿ ಮುಗಿದ ಮೇಲೆ ಆಕೆ ಗೋಡೆಯ ಕಡೆ ನೋಡಿದಳು.

"ಅಣ್ಣಾರ, ಕೀಲಿ ಅಲ್ಲೇ ಐತಲ್ರಿ. ನಿಮಗ ಕೈ ನಿಲುಕಲಿಲ್ಲಂದ್ರ ನಾನ ತಗದು ಕೊಡ್ತೀನಿ."

ಅಧ್ಯಕ್ಷರಾದ ಚನ್ನಬಸಪ್ಪನವರು ಕಪ್ಪು ಕೆಳಗಿಟ್ಟರು. ಕೀಲಿ ಕಾಣುವುದು ಬೇರೆ, ಕೀಲಿಯನ್ನು ಸ್ವೀಕರಿಸುವುದು ಬೇರೆ ಎಂಬುದನ್ನು ಆಕೆಗೆ ತಿಳಿಯುವಂತೆ ಎರಡು ಸಲ ವಿವರಿಸಿದರು. ಮೂರನೆಯ ಸಲ ಆಕೆಯೇ ಬೇಡವೆಂದಳು.

ಅದೇ ಸಭೆಯಲ್ಲಿ ಖಜಾಂಚಿ ಕಲ್ಲೇಶ ಒಂದು ದೂರು ಮಂಡಿಸಿದ. ಕಲ್ಯಾಣಪ್ಪನವರ ಮಗಳು ಸ್ನೇಹಲತಾ, ನಾಚಾರಂನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು, ಫೋನಿನಲ್ಲಿ ಆಡುವ ಒಂದು ಆಟ ಮಾಡಿದ್ದಾಳೆ. ಹಳೆಯ ಕಾಲದಲ್ಲಿ ಟಿವಿಗೆ ಡಬ್ಬಿ ಹಚ್ಚಿ ಆಡುತ್ತಿದ್ದರಲ್ಲ, ಆ ತರಹದ ಚಿತ್ರಗಳು, ಎಲ್ಲವೂ ಚೌಕ ಚೌಕ. ಪಟಾನ್‌ಚೆರು ಫ್ಯಾಕ್ಟರಿ ಬಸ್ಸುಗಳಲ್ಲಿ ಹುಡುಗರು ಅದನ್ನೇ ಆಡುತ್ತಿದ್ದಾರೆ. ಆಟದಲ್ಲಿ ಒಂದು ದೆವ್ವದ ಮನೆ. ಆ ಮನೆ ನಮ್ಮ ಸಂಘದ ಭವನವೇ. ಬಾಗಿಲ ಮೇಲಿನ ಒಡೆದ ಹಂಚು ಕೂಡ ಹಾಗೇ ಇದೆ ಎಂದು ಕಲ್ಲೇಶ ನೊಂದು ಹೇಳಿದ. ಆ ಹಂಚು ಬದಲಿಸುವ ಕೆಲಸ ಐದು ವರ್ಷದಿಂದ ಅವನಿಗೆ ವಹಿಸಿದ್ದು.

ಕೂಡಲೇ ಸ್ನೇಹಲತಾಳಿಗೆ ನೋಟೀಸು ಹೋಯಿತು. 'ಸಂಘದ ಪೂರ್ವಾನುಮತಿ ಪಡೆಯದೆ ಸದರಿ ಭವನದಲ್ಲಿ ದೆವ್ವಗಳನ್ನು ಇರಿಸಿದ್ದಕ್ಕೆ ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಸಮಜಾಯಿಷಿ ನೀಡತಕ್ಕದ್ದು. ದೆವ್ವಗಳ ಸಂಖ್ಯೆಯನ್ನೂ ತಿಳಿಸತಕ್ಕದ್ದು.'

ಹುಡುಗಿ ಒಳ್ಳೆಯ ಮನೆತನದ್ದು. ಎಂಟನೆಯ ತಾರೀಖು, ಮುಂದಿನ ಭಾನುವಾರ, ಲ್ಯಾಪ್‌ಟಾಪ್, ಪ್ರೊಜೆಕ್ಟರ್ ತೆಗೆದುಕೊಂಡು ಬಂದು, ಎಲ್ಲರಿಗೂ ನಮಸ್ಕಾರ ಮಾಡಿ, ದೆವ್ವಗಳು ಒಟ್ಟು ಒಂಬತ್ತು ಎಂದು ಲಿಖಿತ ಉತ್ತರ ಕೊಟ್ಟಳು. ಆಮೇಲೆ ಆಟವನ್ನು ಗೋಡೆಯ ಮೇಲೆ ದೊಡ್ಡದಾಗಿ ಬೀಳುವಂತೆ ಮಾಡಿ ತೋರಿಸಿದಳು.

ನಿಜ ಹೇಳಬೇಕೆಂದರೆ ನನಗೆ ಅದು ಹಿಡಿಸಿತು. ನಮ್ಮವ್ವ ಇಳಕಲ್ ಸೀರೆಯ ಮೇಲೆ ಎಳೆ ಎಣಿಸಿ ಕಸೂತಿ ಹಾಕುತ್ತಿದ್ದಳು, ಥೇಟ್ ಹಾಗೆಯೇ ಒಂದೊಂದು ಚುಕ್ಕೆ ಕೂಡಿಸಿ ಭವನ ಕಟ್ಟಿದ್ದಾಳೆ. ಕೈಯಲ್ಲಿ ಕಂದೀಲು ಹಿಡಿದ ಒಂದು ಪುಟ್ಟ ಆಕೃತಿ ಕತ್ತಲೆಯ ಕೋಣೆಗಳಲ್ಲಿ ತಿರುಗುತ್ತದೆ. ಬಾವಲಿ ಬರುತ್ತದೆ, ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು ತಾವೇ ನಡೆದು ಬರುತ್ತವೆ. ದೆವ್ವ ಎದುರಾದಾಗ ಕೆಳಗೆ ನಾಲ್ಕು ಗುಂಡಿ ಕಾಣುತ್ತವೆ: ಹೊಡೆ, ತಡೆ, ಮಾತಾಡು, ಓಡು. ಒಂದು ಸಲ ನಾವು, ಒಂದು ಸಲ ದೆವ್ವ. ನಾವು ಏನಾದರೊಂದು ಮಾಡುವ ತನಕ ದೆವ್ವ ತೆಪ್ಪಗೆ ನಿಂತಿರುತ್ತದೆ, ದೆವ್ವದ ಸರದಿಯಲ್ಲಿ ನಾವು. ನಮ್ಮ ವಾರ್ಷಿಕ ಮಹಾಸಭೆಯಲ್ಲಿ ಇಷ್ಟು ಶಿಸ್ತನ್ನು ನಾನು ಕಂಡಿಲ್ಲ.

ಕೊನೆಯ ಕೋಣೆ ನಮ್ಮ ಆಫೀಸು. ಅಲ್ಲಿ ಬಿಳಿ ಧೋತರ, ಕರಿ ಟೋಪಿ, ಎರಡು ಚೌಕದ ಕನ್ನಡಕ. ಕಲ್ಯಾಣಪ್ಪನವರು.

ಎಲ್ಲರೂ ಎದ್ದು ನಿಂತೆವು. ಕಲ್ಲೇಶ ಕೂಡ ಚಪ್ಪಲಿ ಬಿಟ್ಟ.

ಅಧ್ಯಕ್ಷರು ಬಹಳ ಹೊತ್ತು ನೋಡಿ, "ಸಂಗಣ್ಣ, ಅವರ ಕೈಯಾಗ ಏನೈತಿ ನೋಡು" ಅಂದರು.

ಕೈಯಲ್ಲಿ ಹಳದಿ ಬಣ್ಣದ ಐದು ಚುಕ್ಕೆ. ಕೀಲಿ.

ಮುಂದಿನದು ಸಭೆಯ ನಡಾವಳಿಯಲ್ಲಿ ಹೀಗೆ ದಾಖಲಾಗಿದೆ: 'ಮಾಜಿ ಕಾರ್ಯದರ್ಶಿಗಳು ಕೀಲಿ ಸಮೇತ ಭವನದ ಆವರಣದಲ್ಲಿಯೇ ಲಭ್ಯರಿರುವುದು ಕಂಡುಬಂದ ಕಾರಣ, ಕಲಮು ಹದಿನಾಲ್ಕರಂತೆ ಅವರಿಂದ ಅಧಿಕಾರ ಸ್ವೀಕರಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಸ್ನೇಹಲತಾ ಅವರ ಮೇಲಿನ ಕ್ರಮವನ್ನು ಕೈಬಿಡಲಾಯಿತು. ದೆವ್ವಗಳನ್ನು ಸಕ್ರಮಗೊಳಿಸಲಾಯಿತು.'

ಆ ಭಾನುವಾರವೂ ಬಂದು ಬೆಂಚಿನ ಮೇಲೆ ಕೂತಿದ್ದ ಬಸಲಿಂಗಮ್ಮ, ಹಂಗಾರ ಇವತ್ತ ಕಾರ್ಡ್ ಸಿಗತೈತೇನ್ರಿ ಅಂತ ಕೇಳಿದಳು. ಖಂಡಿತ ಅಂದೆವು.

ಆವತ್ತು ಸಿಗಲಿಲ್ಲ. ಲ್ಯಾಪ್‌ಟಾಪಿನ ಮುಂದೆ ತಾಟು, ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು, ಶಿಷ್ಟಾಚಾರದಂತೆ ಮೊದಲು ಅಧ್ಯಕ್ಷರೇ ಕೂತರು. ಬಾವಲಿಯನ್ನು ಹೊಡೆದರು, ಕುರ್ಚಿಗಳಿಂದ ಓಡಿದರು, ಬೆವರು ಒರೆಸಿಕೊಂಡು ಆಫೀಸು ಮುಟ್ಟಿದರು. ನಾಲ್ಕು ಗುಂಡಿ ಬಂದವು. ಕಲ್ಯಾಣಪ್ಪನವರು ಅಧ್ಯಕ್ಷರಿಗಿಂತ ಎರಡು ವರ್ಷ ದೊಡ್ಡವರು. ಹಿರಿಯರಿಗಿಂತ ಮೊದಲು ಕೈ ಮಾಡುವುದು ಹೇಗೆ? ಅಧ್ಯಕ್ಷರು 'ತಡೆ' ಒತ್ತಿದರು.

ಕಲ್ಯಾಣಪ್ಪನವರ ತಲೆಯ ಮೇಲೆ ಅಕ್ಷರಗಳು ಮೂಡಿದವು: ಮೊದಲು ನೀವ್ರಿ.

"ಎಲ್ಲಿ ಆಗತೈತ್ರಿ, ಹಿರಿಯಾರು ನೀವು," ಎಂದು ಅಧ್ಯಕ್ಷರು ಗೋಡೆಗೆ ಹೇಳಿ ಮತ್ತೆ 'ತಡೆ' ಒತ್ತಿದರು.

ಮೊದಲು ನೀವ್ರಿ.

ಇಪ್ಪತ್ತಾರು ಸರದಿ ಹೀಗೆ ನಡೆಯಿತು. ಮಧ್ಯೆ ಎರಡು ಸಲ ಚಹಾ ಬಂತು. ಕಲ್ಯಾಣಪ್ಪನವರು ಬದುಕಿದ್ದಾಗಲೂ ಹಾಗೇ ಇದ್ದರು. ಯಾವ ಊಟದಲ್ಲೂ ತಾವು ಮೊದಲು ಕೂತವರಲ್ಲ. ಇವರಿಬ್ಬರೂ ಬಾಗಿಲಲ್ಲಿ ಎದುರಾದರೆ ಹಿಂದಿನವರೆಲ್ಲ ಹೊರಗೇ ನಿಲ್ಲಬೇಕಾಗುತ್ತಿತ್ತು.

ಮರುದಿನದಿಂದ ಸಮಿತಿ ದಿನಾಲೂ ಸೇರಿತು. ನಾನೂ ಕೂತೆ. ನನಗೂ 'ಹೊಡೆ' ಒತ್ತಲು ಬೆರಳು ಬರಲಿಲ್ಲ. ದವಾಖಾನೆಯಿಂದ ಹೆಗಲು ಕೊಟ್ಟು ತಂದವನು ನಾನು. ನಾಲ್ಕನೆಯ ದಿನ ಕಲ್ಲೇಶ ಅವಸರದಲ್ಲಿ 'ಹೊಡೆ' ಒತ್ತಿಬಿಟ್ಟ. ಕಲ್ಯಾಣಪ್ಪನವರ ಕನ್ನಡಕ ಕೆಳಗೆ ಬಿತ್ತು. ಅವರು ಬಗ್ಗಿ ಹುಡುಕತೊಡಗಿದರು. ಆಟವನ್ನು ಮೊದಲಿನಿಂದ ಹಚ್ಚಿ, ಕಲ್ಲೇಶನಿಂದ ಕ್ಷಮಾಪಣೆ ಬರೆಸಿಕೊಂಡು, ಅದನ್ನು ಕಪಾಟಿನಲ್ಲಿಡಲು ನಿರ್ಧರಿಸಲಾಯಿತು. ಕಪಾಟಿಗೆ ಬೀಗ ಇದ್ದುದರಿಂದ ಮೇಲಿಟ್ಟೆವು.

ಹದಿನೇಳನೆಯ ತಾರೀಖು ಬಸಲಿಂಗಮ್ಮ ಕೆಲಸ ಬಿಟ್ಟು, ಸಿಮೆಂಟಿನ ಕೈಯಲ್ಲೇ ಬಂದಳು. ಬೆಂಚಿನ ಮೇಲೆ ಕೂತಳು. ನಾನು ಸ್ನೇಹಲತಾಳನ್ನು ಬದಿಗೆ ಕರೆದು, ತಂದೆಯವರು ಕೀಲಿ ತಾವಾಗಿಯೇ ಕೊಡುವ ಹಾಗೆ ಒಂದಿಷ್ಟು ಬದಲಾವಣೆ ಮಾಡಲಾಗುತ್ತದೆಯೇ ಎಂದು ಕೇಳಿದೆ.

"ಅಪ್ಪಾರನ್ನ ಹ್ಯಾಂಗ ಬದಲ್ ಮಾಡ್ಲಿ ಕಾಕಾ?" ಅಂದಳು. "ಅವರು ಇದ್ದ ಹಂಗ ಮಾಡೀನಿ. ಇನ್ನೊಂದ್ ಸಲ ಭೆಟ್ಟಿ ಆಗಬೇಕಂತ ಮಾಡೀನಿ. ನೀವು ಅವರ ಸಂಗಾಟ ಹ್ಯಾಂಗ ಇದ್ರಿ, ಹಂಗ ಇರ್ರಿ. ಸಾಕು."

ಈ ಮಾತಿನಿಂದ ಸಮಿತಿಗೆ ಯಾವ ಮಾರ್ಗದರ್ಶನವೂ ದೊರೆಯಲಿಲ್ಲ.

ಹತ್ತೊಂಬತ್ತಕ್ಕೆ ತಾಯಿಯ ಜೊತೆ ರೇಣುಕಾ ತಾನೇ ಬಂದಳು. ಮೂರು ವರ್ಷದಲ್ಲಿ ಉದ್ದ ಬೆಳೆದಿದ್ದಾಳೆ. ಒಂದು ಸಲ ನಾನು ನೋಡಲೇನ್ರಿ ಅಂತ ಕೇಳಿದಳು. ಅಧ್ಯಕ್ಷರು ಆಗ ಎಪ್ಪತ್ತೊಂದನೆಯ ಸಲ 'ತಡೆ' ಒತ್ತಿ ಬೆರಳು ನೀವಿಕೊಳ್ಳುತ್ತಿದ್ದರು. ಸದಸ್ಯರಲ್ಲದವರು ಆಡಬಾರದೆಂದು ನಿಯಮದಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ಪರಿಶೀಲಿಸಿ, ಸ್ಥಳ ಬಿಟ್ಟುಕೊಟ್ಟರು.

ಹುಡುಗಿ ಕೂತವಳೇ 'ಮಾತಾಡು' ಒತ್ತಿದಳು.

ಆ ಗುಂಡಿ ನಮಗೆ ಕಾಣಿಸಿರಲಿಲ್ಲವೆಂದಲ್ಲ. ಕಾರ್ಯಸೂಚಿಯಲ್ಲಿ ಅಧಿಕಾರ ಸ್ವೀಕಾರ ಎಂದು ಮಾತ್ರ ಇತ್ತು, ಮಾತುಕತೆ ಎಂದು ಇರಲಿಲ್ಲ. ಅದನ್ನು ಒತ್ತಿದರೆ ಮೂರು ಸಾಲು ಬರುತ್ತವೆ: ಶರಣು ಹೇಳು. ನಿಯಮ ಕೇಳು. ಬೇಕಾದ್ದು ಕೇಳು. ರೇಣುಕಾ ಮೂರನೆಯದನ್ನು ಒತ್ತಿ, ಬಾಯಲ್ಲೂ ಅಂದಳು, "ಕಾಕಾರ, ನನ್ನ ಮಾರ್ಕ್ಸ್ ಕಾರ್ಡ್ ಬೇಕ್ರಿ."

ಕಲ್ಯಾಣಪ್ಪನವರ ತಲೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು: ಇಷ್ಟ ಹೊತ್ತು ಯಾಕ ಕೇಳಲಿಲ್ಲ ತಂಗಿ? ತಗೋ.

ಐದು ಹಳದಿ ಚುಕ್ಕೆ ಅವರ ಕೈ ಬಿಟ್ಟು ಕಂದೀಲಿನ ಆಕೃತಿಯ ಕೈಗೆ ಬಂದವು. ಕಲ್ಯಾಣಪ್ಪನವರು ಟೋಪಿ ಸರಿಮಾಡಿಕೊಂಡು ಬಾಗಿಲ ತನಕ ಹೋಗಿ, ನಿಂತು, ಹೊರಟುಹೋದರು. ಸ್ನೇಹಲತಾ ಕಿಟಕಿಯ ಕಡೆ ತಿರುಗಿ ವೇಲಿನಿಂದ ಮುಖ ಒರೆಸಿಕೊಂಡಳು. ನಾನು ತಾಟಿನ ಮುಂದೆ ಕೈ ಮುಗಿದೆ. ಬಸಲಿಂಗಮ್ಮ ಮಾತ್ರ ಗೋಡೆಯ ಮೊಳೆಯನ್ನೇ ನೋಡುತ್ತಿದ್ದಳು.

ಆಗ ಅಧ್ಯಕ್ಷರು ನಿಯಮಾವಳಿ ತೆರೆದರು. ಕೀಲಿಯನ್ನು ಯಾರು ಸ್ವೀಕರಿಸುತ್ತಾರೋ ಅವರೇ ಕಾರ್ಯದರ್ಶಿ. ಎಲೆ ಅಡಿಕೆ ಇತ್ತು, ಕಾಯಿ ಇತ್ತು, ಸಭೆ ಇತ್ತು, ಹಳೆಯ ಕಾರ್ಯದರ್ಶಿಯ ಕೈ ಇತ್ತು. ಯಾವ ಕೊರತೆಯೂ ಇಲ್ಲ. ಹೀಗಾಗಿ ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ಕುಮಾರಿ ರೇಣುಕಾ ನಮ್ಮ ಸಂಘದ ಕಾರ್ಯದರ್ಶಿಯಾದಳು. ಚಪ್ಪಾಳೆ ತಟ್ಟಿದೆವು. ಆಕೆ ಮೊಳೆಯಿಂದ ಕೀಲಿ ತೆಗೆದಳು. ಗೋಡೆಯ ಮೇಲೆ ಕೀಲಿಯ ಆಕಾರದಲ್ಲಿ ಸುಣ್ಣ ಬೆಳ್ಳಗೆ ಉಳಿದಿತ್ತು.

ಕಪಾಟು ತೆರೆಯಿತು. ಕಾರ್ಡು ಎದುರಿಗೇ ಇತ್ತು. ರೇಣುಕಾ ಕೈ ಚಾಚುವಷ್ಟರಲ್ಲಿ ಅಧ್ಯಕ್ಷರು ತಡೆದರು. ಅರ್ಜಿಯಿಲ್ಲದೆ ದಾಖಲೆ ಕೊಡಲು ಕಾರ್ಯದರ್ಶಿಗಳಿಗೆ ಅಧಿಕಾರವಿಲ್ಲ. ರೇಣುಕಾ ಮಾನ್ಯ ಕಾರ್ಯದರ್ಶಿಯವರಿಗೆ ಅರ್ಜಿ ಬರೆದಳು, ತಾನೇ ಸ್ವೀಕರಿಸಿ ಆವಕ ನಂಬರು ಹಾಕಿದಳು, ತನ್ನ ಆಧಾರ್ ಕಾರ್ಡು ನೋಡಿ ಗುರುತು ಖಾತ್ರಿ ಮಾಡಿಕೊಂಡಳು. ಫೋಟೋ ಸರಿಯಾಗಿ ಹೊಂದುತ್ತಿಲ್ಲ ಎಂದು ಕಲ್ಲೇಶ ಆಕ್ಷೇಪ ಎತ್ತಿದ. ಕಾರ್ಯದರ್ಶಿಗಳು ಆಕ್ಷೇಪವನ್ನು ತಳ್ಳಿಹಾಕಿ ಮೊಹರು ಒತ್ತಿದರು. ಒಂದು ಗಂಟೆಗೆ ತಾಯಿ ಮಗಳು ಬಸ್ಸು ಹತ್ತಿದರು. ಮರುದಿನ ಸೀಟು ಖಾಯಂ ಆಯಿತೆಂದು ಫೋನ್ ಬಂತು.

ಹಾಸ್ಟೆಲಿಗೆ ಹೋಗುವ ದಿನ ರೇಣುಕಾ ಅಧಿಕಾರ ಒಪ್ಪಿಸಲು ಬಂದಳು. ಸ್ವೀಕರಿಸಬೇಕಾದವನು ನಾನು. ತಾಟು ಇಟ್ಟಿದ್ದೆ. ಆಕೆ ಕೀಲಿ ಹಿಡಿದು ನಿಂತಳು, ನಾನು ಕೈ ಒಡ್ಡಿ ನಿಂತೆ. ವಯಸ್ಸಿನಲ್ಲಿ ನಾನು ಹಿರಿಯ, ಪದವಿಯಲ್ಲಿ ಆಕೆ. ಯಾರು ಮೊದಲು ಬಗ್ಗಬೇಕು ಎಂಬ ಪ್ರಶ್ನೆ ಬಂತು. ಅಧ್ಯಕ್ಷರು ನಿಯಮಾವಳಿ ತಿರುವತೊಡಗಿದರು. ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ.

"ಟ್ರೇನಿಗೆ ಹೊತ್ತಾಗಾಕತ್ತೈತಿ ಕಾಕಾ," ಅಂದಳು ಹುಡುಗಿ. "ಇಲ್ಲೇ ಹಾಕೀನಿ, ತಗೋರಿ."

ಕೀಲಿಯನ್ನು ಅದೇ ಮೊಳೆಗೆ, ಅದೇ ಬಿಳಿ ಗುರುತಿನ ಮೇಲೆ ತೂಗುಹಾಕಿ ಹೊರಟುಹೋದಳು.

ಈಗ ಕೀಲಿ ಅಲ್ಲಿದೆ. ಆಕೆಗೆ ಫೋನ್ ಮಾಡಿ ಕೇಳಿದರಾಯಿತಲ್ಲ ಎಂದು ಬಸಲಿಂಗಮ್ಮ ಸೂಚಿಸಿದಳು, ಆದರೆ ಫೋನಿನ ಬಗ್ಗೆ ಕಲಮು ಹದಿನಾಲ್ಕು ಮೌನವಾಗಿದೆ. ಆಟಕ್ಕಾದರೆ ಪೂರ್ವನಿದರ್ಶನವಿದೆ. ಆದ್ದರಿಂದ ರೇಣುಕಾಳನ್ನು ಆಟದೊಳಗೆ ಸೇರಿಸುವಂತೆ ಸ್ನೇಹಲತಾಳಿಗೆ ವಿನಂತಿಸಲಾಯಿತು. ಮುಂದೆ ಯಾವ ಪದಾಧಿಕಾರಿಯೂ ಆಟದಲ್ಲಿ ದಾಖಲಾಗದೆ ಲಿಂಗೈಕ್ಯರಾಗತಕ್ಕದ್ದಲ್ಲ ಎಂಬ ತಿದ್ದುಪಡಿಯೂ ಪಾಸಾಯಿತು. ಎಲ್ಲರೂ ಫೋಟೋ ಕೊಟ್ಟಿದ್ದೇವೆ. ನನಗೆ ಮೀಸೆಗೆ ಮೂರು ಚುಕ್ಕೆ ಬಂದಿದೆ, ಅಧ್ಯಕ್ಷರಿಗೆ ನಾಲ್ಕು. ಈ ವ್ಯತ್ಯಾಸ ಪರಿಶೀಲನೆಯಲ್ಲಿದೆ.

ಚೌಕದ ರೇಣುಕಾ ಬಿಳಿ ಸಮವಸ್ತ್ರದಲ್ಲಿ, ಕೈಯಲ್ಲಿ ಐದು ಹಳದಿ ಚುಕ್ಕೆ ಹಿಡಿದು, ಆಫೀಸಿನಲ್ಲಿ ನಿಂತಿದ್ದಾಳೆ. ಹತ್ತಿರ ಹೋದರೆ ತಲೆಯ ಮೇಲೆ ಅಕ್ಷರಗಳು ಮೂಡುತ್ತವೆ: ಏನು ಬೇಕು ಕೇಳ್ರಿ ಕಾಕಾ.

ಆದರೆ ನೇರವಾಗಿ ಕೇಳುವ ಪದ್ಧತಿ ಸಂಘಕ್ಕೆ ಹೊಸದು. ಅದರ ಸಾಧಕ ಬಾಧಕಗಳನ್ನು ನೋಡಲು ಕಲ್ಲೇಶನ ನೇತೃತ್ವದಲ್ಲಿ ಉಪಸಮಿತಿ ರಚನೆಯಾಗಿದೆ. ವರದಿ ಬರುವ ತನಕ ನಾವು ಪ್ರತಿ ಭಾನುವಾರ ಸೇರಿ, ತಾಟು ಇಟ್ಟು, ಒಬ್ಬೊಬ್ಬರಾಗಿ 'ತಡೆ' ಒತ್ತುತ್ತೇವೆ. ಬಸಲಿಂಗಮ್ಮ ಬಿಡುವಿದ್ದಾಗ ಬಂದು ಬೆಂಚಿನ ಮೇಲೆ ಕೂತು ಮಗಳನ್ನು ಕಣ್ತುಂಬ ನೋಡುತ್ತಾಳೆ. ಮೊದಲಿನಂತೆ ಅವಸರ ಮಾಡುವುದಿಲ್ಲ. ಕಳೆದ ವಾರ ನಾನು ಬೇಕಾದ್ದು ಕೇಳುವ ಸಾಲಿನ ಹತ್ತಿರ ಬೆರಳು ಒಯ್ದಾಗ ಆಕೆಯೇ ಅಂದಳು, "ಇರ್ಲಿ ಬಿಡ್ರಿ ಅಣ್ಣಾರ. ಕೀಲಿ ಕೊಟ್ರ ಆಕಿ ಹೋಗಿಬಿಡ್ತಾಳ."

ಈ ಹೇಳಿಕೆಯನ್ನು ನಡಾವಳಿಯಲ್ಲಿ ದಾಖಲಿಸಿಕೊಳ್ಳಲಾಗಿದೆ.