ಶೇಕಿ ಅಂದ್ರೆ ಸೆಕೆಯಲ್ಲ!

ಕೆಲಸಕ್ಕೆ ಸೇರಿದ ಮೊದಲ ವಾರ. ಮ್ಯಾನೇಜರ್ ಒಂದು ಕುರ್ಚಿಯ ಬೆನ್ನು ಹಿಡಿದು, "ಶೇಕಿ" ಎಂದರು. "ಹೌದು ಸರ್, ನನಗೂ ವಿಪರೀತ ಸೆಕೆ" ಎಂದು ನಾನು ಓಡಿಹೋಗಿ ಫ್ಯಾನ್ ಹಾಕಿದೆ. ಮೇಜಿನ ಮೇಲಿದ್ದ ಕಾಗದಗಳೆಲ್ಲ ಹಾರಿ ಬೀದಿ ಪಾಲಾದವು. ಅವನ್ನು ಆರಿಸುತ್ತಿದ್ದಾಗ ಸಹೋದ್ಯೋಗಿಯೊಬ್ಬ ಕಿವಿಯಲ್ಲಿ ಹೇಳಿದ: "ಅಲ್ಲಾಡುತ್ತೆ ಅಂತ ಅರ್ಥ ಕಣೋ, ಮಂಕುದಿಣ್ಣೆ!"

ನಮ್ಮದು ಕುರ್ಚಿ, ಮೇಜು, ಮಂಚಗಳನ್ನು ಬಾಡಿಗೆಗೆ ಕೊಡುವ ಕಂಪನಿ. ವಾಪಸು ಬಂದವುಗಳ ದುಃಸ್ಥಿತಿಯನ್ನು ಇಂಗ್ಲಿಷಿನಲ್ಲಿ ಬರೆದಿಡುವುದೇ ನನ್ನ ಉದ್ಯೋಗ. ಆರು ತಿಂಗಳು ನೋಡಿ ಖಾಯಂ ಮಾಡುತ್ತೇವೆ ಎಂದಿದ್ದರು. ಅವತ್ತೇ ಶಪಥಗೈದೆ: ಈ ಭೂಮಂಡಲದಲ್ಲಿ ಅಲ್ಲಾಡುವ, ಓಲಾಡುವ, ಲಟಪಟಗುಟ್ಟುವ ಸಮಸ್ತ ವಸ್ತುಗಳ ಇಂಗ್ಲಿಷ್ ಹೆಸರೂ ನನ್ನ ನಾಲಿಗೆಯ ತುದಿಯಲ್ಲಿರಬೇಕು!

ಅಭ್ಯಾಸಕ್ಕೆ ಹೊರಗೆಲ್ಲೂ ಹೋಗಬೇಕಿರಲಿಲ್ಲ. ನಮ್ಮ ಮನೆಯಲ್ಲಿ ಅಲ್ಲಾಡದೆ ನಿಲ್ಲುವುದು ಹೆಂಡತಿಯ ಮಾತೊಂದೇ. ಚೀಟಿ ಬರೆದು ಬರೆದು ಅಂಟಿಸಿದೆ. ಊಟದ ಮೇಜಿಗೆ ವಾಬ್ಲಿ. ಪುಸ್ತಕದ ಕಪಾಟಿಗೆ ರಾಮ್‌ಶ್ಯಾಕಲ್. ಕಿಟಕಿ ಪಕ್ಕದ ಕುರ್ಚಿಗೆ ರಿಕೆಟಿ. ಇದು ಕ್ರಿಕೆಟ್ಟಿನ ತಂಗಿಯಲ್ಲ ಎಂದು ತಿಳಿಯಲು ನನಗೆ ಎರಡು ದಿನ ಹಿಡಿದಿತ್ತು.

"ಇದೇನ್ರೀ, ಮನೆಯೋ ಔಷಧಿ ಅಂಗಡಿಯೋ?" ಎಂದಳು ಹೆಂಡತಿ.

"ಭಾಷಾಭ್ಯಾಸ ಕಣೇ! ಒಂದೊಂದು ನಡುಕಕ್ಕೂ ಒಂದೊಂದು ಪದ!"

"ಹೆಸರಿಡೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಬಿಡಿ. ಆ ಕುರ್ಚಿ ಕಾಲಿಗೊಂದು ಮೊಳೆ ಹೊಡೀರಿ ಅಂತ ಮೂರು ತಿಂಗಳಿಂದ ಬಡ್ಕೋತಿದೀನಿ."

"ಮೊಳೆ ಯಾವ ಬಡಗಿ ಬೇಕಾದ್ರೂ ಹೊಡೀತಾನೆ. ಪದ ಹೊಡೀತಾನಾ?"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನನಗೆಲ್ಲಿ ಚೀಟಿ ಅಂಟಿಸಬಹುದೆಂದು ಹುಡುಕುತ್ತಿದ್ದಳೇನೋ!

ಆರನೇ ತಿಂಗಳ ಕೊನೆಯ ಭಾನುವಾರ ಮ್ಯಾನೇಜರನ್ನು ಚಹಾಕ್ಕೆ ಕರೆದೆ. ನನ್ನ ಚೀಟಿಗಳ ವೈಭವ ಕಂಡರೆ ನಿಂತ ಕಾಲಲ್ಲೇ ಖಾಯಂ ಮಾಡಿಬಿಡುತ್ತಾರೆಂಬ ಭ್ರಮೆ. ಅವರು ಒಳಗೆ ಬಂದ ಮೇಲೆ ನೋಡುತ್ತೇನೆ, ಒಂದು ಚೀಟಿಯೂ ಇಲ್ಲ! ಮರ್ಯಾದೆಗೆ ಅಂಜಿದ ಹೆಂಡತಿ ಎಲ್ಲವನ್ನೂ ಕಿತ್ತು ಕಸದ ಬುಟ್ಟಿಗೆ ಹಾಕಿದ್ದಳು. ಮ್ಯಾನೇಜರ್ ನೆಟ್ಟಗೆ ಕಿಟಕಿ ಪಕ್ಕಕ್ಕೇ ನಡೆದರು.

"ಸರ್! ಆ ಕುರ್ಚಿ..."

"ಏನ್ರೀ ಆ ಕುರ್ಚಿ?" ಎನ್ನುತ್ತಲೇ ಅವರು ಕೂರತೊಡಗಿದರು.

"ಅದು ವಾಬ್... ಅಲ್ಲ, ಅದು ಮೇಜು... ರಾಮ್... ಅಲ್ಲಲ್ಲ, ಅದು ಕಪಾಟು..."

"ರಿಕೆಟಿ!" ಎಂಬ ಪದ ನನ್ನ ನಾಲಿಗೆಗೆ ಬರುವುದಕ್ಕೂ ಮ್ಯಾನೇಜರ್ ನೆಲಕ್ಕೆ ಬರುವುದಕ್ಕೂ ಸರಿಹೋಯಿತು.

ಅಡುಗೆಮನೆಯಿಂದ ಓಡಿಬಂದ ಹೆಂಡತಿ ಹಲ್ಲು ಕಡಿದಳು. "ಮುರಿಯುತ್ತೆ ಅನ್ನೋಕೆ ಏನಾಗಿತ್ತು ನಿಮ್ಮ ಬಾಯಿಗೆ?"

ಇಬ್ಬರೂ ಸೇರಿ ಅವರನ್ನು ಎತ್ತಿ ನಿಲ್ಲಿಸಿದೆವು. ಅವರ ಬೆನ್ನಿನ ಧೂಳು ಕೊಡವುತ್ತಾ, ಕೇಳಬಾರದ ಹೊತ್ತಿನಲ್ಲಿ ಕೇಳಬಾರದ್ದನ್ನು ಕೇಳಿಯೇಬಿಟ್ಟೆ:

"ಸರ್, ನನ್ನ ಕೆಲಸ... ಗಟ್ಟಿ ತಾನೇ?"

ಅವರು ಸೊಂಟ ಹಿಡಿದುಕೊಂಡು ನನ್ನನ್ನೇ ದಿಟ್ಟಿಸಿದರು.

"ಶೇಕಿ! ಹೋಗಿ ಫ್ಯಾನ್ ಹಾಕ್ಕೊಳ್ರೀ!"